ಹತ್ತೊಂಬತ್ತು ದಿನ

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದು ನಿವೃತ್ತರಾದ ಗುಮಾಸ್ತರೊಬ್ಬರ ಮನೆಯ ಬಚ್ಚಲಿನಲ್ಲಿ ದೊಡ್ಡದೊಂದು ತಾಮ್ರದ ಹಂಡೆಯಿದೆ. ಆ ಮನೆಯಲ್ಲಿ ಅದಕ್ಕೆ ‘ಬೋನಸ್ಸಿನ ಹಂಡೆ’ ಎಂದು ಹೆಸರು. ಎಂದೋ ಒಂದು ದೀಪಾವಳಿಯ ಹಿಂದಿನ ವಾರ ಬಟವಾಡೆಯಾದ ಹಣದಲ್ಲಿ, ನೀರು ತುಂಬುವ ಹಬ್ಬದ ಹೊತ್ತಿಗೆ ಸರಿಯಾಗಿ, ಅದು ಜಟಕಾ ಏರಿ ಮನೆಗೆ ಬಂದಿತ್ತು. ಅದರ ಹಿಂದೆ ಮುಂದೆ ಬೋನಸ್ಸಿನ ಸೀರೆ, ಬೋನಸ್ಸಿನ ಗೋಡೆ ಗಡಿಯಾರ, ಬೋನಸ್ಸಿನ ಬೆಂಡೋಲೆಗಳೂ ಬಂದವು. ಸಂಬಳದಲ್ಲಿ ಕೊಂಡ ವಸ್ತುಗಳಿಗೆ ಯಾರೂ ಹೀಗೆ ಹೆಸರಿಡಲಿಲ್ಲ. ಸಂಬಳದ ಅಕ್ಕಿ, ಸಂಬಳದ ಸೀಮೆಎಣ್ಣೆ ಎಂದು ಯಾರು ತಾನೆ ಹೇಳುತ್ತಾರೆ? ಬೋನಸ್ಸು ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಒಳ್ಳೆಯದು’ ಎಂಬ ಅರ್ಥವಿದೆ. ಗುಮಾಸ್ತರ ಪತ್ನಿ ಅದನ್ನು ಪರಭಾಷೆಯ ಶಬ್ದವೆಂದು ಒಂದು ದಿನವೂ ಬಗೆದವರಲ್ಲ. ಹಂಡೆ ಎಷ್ಟು ಕನ್ನಡವೋ ಬೋನಸ್ಸೂ ಅವರಿಗೆ ಅಷ್ಟೇ ಕನ್ನಡ.

ಇಂಥ ಮನೆಗೆ 2024ರ ಜುಲೈ 14ರ ಭಾನುವಾರ ಬೆಳಗ್ಗೆ ಗುಮಾಸ್ತರ ಸೋದರಳಿಯ ಕಾಗದಗಳ ಕಟ್ಟೊಂದನ್ನು ಹಿಡಿದು ಬಂದನು. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಇಂಜಿನಿಯರನಾಗಿದ್ದು, ಎರಡು ದಿನದ ಹಿಂದೆಯಷ್ಟೇ ಕೆಲಸ ಬಿಟ್ಟು ಊರಿಗೆ ಬಂದಿದ್ದ ತರುಣ. ಬಿಟ್ಟ ಕಾರಣ ಬೀದಿಗೆಲ್ಲ ಗೊತ್ತಿತ್ತು. ಮೇ ತಿಂಗಳ ಮೊದಲ ವಾರ ಅವನ ತಂದೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರು. ವಿಮೆಯವರು ಕೊಟ್ಟದ್ದು ಕೊಟ್ಟು, ಮಿಕ್ಕ ಆಸ್ಪತ್ರೆಯ ಲೆಕ್ಕಕ್ಕೆ ತಾಯಿಯ ನಾಲ್ಕು ಬಳೆಗಳು ಸಹಕಾರಿ ಬ್ಯಾಂಕಿನಲ್ಲಿ ಅಡವಾಗಿದ್ದವು. ಆಕೆ ಒಬ್ಬಳೇ ಆ ದೊಡ್ಡ ಶರೀರವನ್ನು ಎತ್ತಿ ಕೂರಿಸಲಾರಳು. ಒಬ್ಬನೇ ಮಗ, ಅವನು ಬರಬೇಕಾಗಿತ್ತು, ಬಂದನು. ಮೇ 13ರಂದು ರಾಜೀನಾಮೆ ಕೊಟ್ಟು, ಅರವತ್ತು ದಿನದ ನೋಟೀಸು ಅವಧಿಯನ್ನು ವಾರಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದು ಹೋಗುತ್ತ ಮುಗಿಸಿದ್ದನು.

ಗುಮಾಸ್ತರಿಗೆ ಎಂಬತ್ತು ವರ್ಷ. ಕನ್ನಡಕ ಏರಿಸಿ, ಲೆಕ್ಕ ಚುಕ್ತಾ ಮಾಡಿದ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದರು. ಒಂದು ಸಾಲಿನಲ್ಲಿ ಬೆರಳು ನಿಂತಿತು.

“ಇದೇನಪ್ಪಾ, ಇಲ್ಲಿ ಸೊನ್ನೆ ಹಾಕಿದ್ದಾರಲ್ಲ?”

“ಅದಕ್ಕೇ ಬಂದೆ ಮಾವ. ಅದು ಬೋನಸ್ಸಿನ ಸಾಲು.”

“ವರ್ಷ ಪೂರ್ತಿ ದುಡಿದಿದ್ದೀಯ ತಾನೆ?”

“ಹೋದ ವರ್ಷ ಏಪ್ರಿಲ್ ಒಂದರಿಂದ ಈ ಮಾರ್ಚ್ ಮೂವತ್ತೊಂದರವರೆಗೆ, ಒಂದು ದಿನ ಬಿಡದೆ.”

“ಏನಾದರೂ ಕದ್ದೆಯಾ? ಯಾರನ್ನಾದರೂ ಹೊಡೆದೆಯಾ?”

“ಛೆ, ಇಲ್ಲ ಮಾವ.”

“ಹಾಗಾದರೆ ಹೇಗೆ ಕೊಡೋದಿಲ್ಲ?”

ಈ ಪ್ರಶ್ನೆಗಳನ್ನು ಕೇಳಿ ಓದುಗರು ನಗಬಾರದು. ಇವು ಮುದುಕರ ಹುಡುಗಾಟವಲ್ಲ. 1965ರ ಬೋನಸ್ ಸಂದಾಯ ಕಾಯಿದೆಯ ಸಾರ. ಗುಮಾಸ್ತರು ಗಿರಣಿಗೆ ಸೇರಿದ್ದು 1966ರಲ್ಲಿ, ಆ ಕಾಯಿದೆ ಬಂದ ಮರುವರ್ಷ. ಆದ್ದರಿಂದ ಇಬ್ಬರೂ ಜೊತೆಯಲ್ಲೇ ಬೆಳೆದವರು. ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದವನಿಗೆ ಬೋನಸ್ಸಿನ ಹಕ್ಕುಂಟು ಎಂದು ಆ ಕಾಯಿದೆ ಹೇಳಿತು. ವರ್ಷದ ನಡುವೆ ಬಿಟ್ಟುಹೋದರೂ ದುಡಿದ ದಿನಗಳ ಪ್ರಮಾಣಕ್ಕೆ ತಕ್ಕಷ್ಟು ಅವನದು. ವಂಚನೆ, ಆವರಣದೊಳಗೆ ದೊಂಬಿ ಹೊಡೆದಾಟ, ಕಳ್ಳತನ, ಹಣದ ದುರುಪಯೋಗ, ಬೇಕೆಂದೇ ಮಾಡಿದ ಹಾನಿ, ಇಂಥವಕ್ಕಾಗಿ ಕೆಲಸದಿಂದ ತೆಗೆದುಹಾಕಲ್ಪಟ್ಟವನು ಮಾತ್ರ ಅದನ್ನು ಕಳೆದುಕೊಳ್ಳುತ್ತಿದ್ದನು. ರಾಜೀನಾಮೆ ಎಂಬುದು ಆ ಪಾಪಗಳ ಪಟ್ಟಿಯಲ್ಲಿ ಇರಲಿಲ್ಲ. ವರ್ಷ ಮುಗಿದ ಎಂಟು ತಿಂಗಳೊಳಗೆ ಹಣ ಸಲ್ಲಬೇಕು. ಕನಿಷ್ಠ ದರ ಮೊದಲು ನೂರಕ್ಕೆ 4 ಇದ್ದದ್ದು, 1972ರಲ್ಲಿ 8.33 ಆಯಿತು, ಎಂದರೆ ವರ್ಷದ ಸಂಬಳದಲ್ಲಿ ಹನ್ನೆರಡರಲ್ಲೊಂದು ಪಾಲು, ಪಂಚಾಂಗದಲ್ಲಿಲ್ಲದ ಒಂದು ಹದಿಮೂರನೆಯ ತಿಂಗಳು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದು ಮತ್ತೆ ನಾಲ್ಕಕ್ಕೆ ಇಳಿದು, 1977ರಲ್ಲಿ ಪುನಃ ಮೇಲಕ್ಕೆ ಬಂತು. ಹಂಡೆ ಯಾವ ದರದ ವರ್ಷದಲ್ಲಿ ಕೊಂಡದ್ದೆಂದು ಗುಮಾಸ್ತರು ಈಗಲೂ ಹೇಳಬಲ್ಲರು.

ಪ್ರತಿ ವರ್ಷವೂ ಅವರು ಎರಡು ಪಟ್ಟಿ ಸಿದ್ಧಮಾಡುತ್ತಿದ್ದರು. ಒಂದು ಇರುವವರದು, ಇನ್ನೊಂದು ಬಿಟ್ಟುಹೋದವರದು. ಎರಡನೆಯದು ಚಿಕ್ಕದು, ಆದರೆ ಅದರಲ್ಲಿ ತಪ್ಪು ಹೆಚ್ಚು ಬರುತ್ತಿದ್ದುದರಿಂದ ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಹರಪನಹಳ್ಳಿಗೋ ಜಗಳೂರಿಗೋ ಹೊಲದ ಕೆಲಸಕ್ಕೆ ಮರಳಿದವನೊಬ್ಬ ಹಬ್ಬದ ಮುಂದೆ ಬಂದು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಕಿಟಕಿಯಲ್ಲಿ ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡು ಹೋಗುತ್ತಿದ್ದುದನ್ನು ಅವರು ಎಷ್ಟು ಸಲ ಕಂಡಿದ್ದರೋ! ಬಿಟ್ಟವನಿಗೆ ಬೋನಸ್ಸಿಲ್ಲ ಎಂಬ ಮಾತೇ ಅವರ ಕಿವಿಗೆ ಹೊಸದು.

ಆಮೇಲೆ ಅವರು ಅಳಿಯನ ಸಂಬಳ ಕೇಳಿದರು. ಅವನು ಹೇಳಿದನು. ಗುಮಾಸ್ತರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

“ಹಾಗಾದರೆ ನಮ್ಮ ಕಾನೂನು ನಿನಗೆ ಸಲ್ಲೋದಿಲ್ಲ ಕಣಪ್ಪಾ. ನೀನು ತುಂಬಾ ಎತ್ತರ ಬೆಳೆದುಬಿಟ್ಟೆ.”

ಕಾಯಿದೆಗೆ ಒಂದು ಚಾವಣಿಯಿತ್ತು. 1965ರಲ್ಲಿ ತಿಂಗಳಿಗೆ 1,600 ರೂಪಾಯಿಯವರೆಗಿನ ಸಂಬಳದವರು ಅದರ ಕೆಳಗೆ ನಿಲ್ಲಬಹುದಾಗಿತ್ತು. ಅಂದಿನ ದಿನಕ್ಕೆ ಅದು ಸಣ್ಣ ಹಣವಲ್ಲ. ಆ ಚಾವಣಿ ಆಗಾಗ ಏರುತ್ತ 2015ರ ತಿದ್ದುಪಡಿಯಲ್ಲಿ 21,000ಕ್ಕೆ ಬಂದಿತ್ತು. ತರುಣನ ಸಂಬಳ ಅದರ ಹಲವು ಪಟ್ಟು. ಇಂದು ಆ ಕಾಯಿದೆಯೇ ಬೇರೆಯಾಗಿ ಉಳಿದಿಲ್ಲ. 2019ರ ವೇತನ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದರೆ ಮೂವತ್ತು ದಿನದ ನಿಯಮ, ಎಂಟು ತಿಂಗಳ ಗಡುವು, ಸಂಬಳದ ಮಿತಿಯ ಏರ್ಪಾಡು ಇವೆಲ್ಲ ಹೊಸ ಮನೆಗೂ ಸಾಗಿಬಂದಿವೆ. ಮಿತಿಯಿಂದ ಮೇಲಿನವರಿಗೆ ಕೊಡುವ ‘ಸಾಧನೆಯ ಬೋನಸ್ಸು’ ಎಂಬುದಕ್ಕೆ ಕಾಯಿದೆಯ ಆಸರೆಯಿಲ್ಲ; ನೇಮಕಾತಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ಅದರ ಶಾಸ್ತ್ರ.

ಇಲ್ಲೊಂದು ವಿನೋದವುಂಟು. ಅದೇ ಹಾಳೆಯ ಮೇಲುಸಾಲಿನಲ್ಲಿ ಅವನಿಗೆ ಗ್ರಾಚುಯಿಟಿ ಬಂದಿತ್ತು. ಆ ಶಬ್ದದ ಮೂಲಾರ್ಥವೇ ಉಡುಗೊರೆ, ಕೃತಜ್ಞತೆಯ ಕಾಣಿಕೆ. ಆದರೆ 1972ರ ಕಾಯಿದೆಯ ದೆಸೆಯಿಂದ ಅದು ಕೇಳಿ ಪಡೆಯುವ ಹಕ್ಕಾಯಿತು. ಐದು ವರ್ಷ ಪೂರೈಸಿದವನಿಗೆ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ, ಅವನು ಏಕೆ ಬಿಟ್ಟ ಎಂದು ಕೇಳದೆ ಕಂಪನಿ ಎಣಿಸಿ ಕೊಟ್ಟಿತ್ತು. ಕಾಣಿಕೆಯ ಹೆಸರಿನದು ಹಕ್ಕಾಗಿ ಬಂತು. ದುಡಿಮೆಯ ಫಲವೆಂದು ಹೆಸರಾದದ್ದು ಕಾಣಿಕೆಯೆಂದು ಹೇಳಿಸಿಕೊಂಡು ಹಿಂದೆ ಸರಿಯಿತು.

ನೇಮಕಾತಿ ಪತ್ರದ ಏಳನೆಯ ಪುಟದಲ್ಲಿ ಆ ಷರತ್ತಿತ್ತು. ಬೋನಸ್ಸು ಸಂದಾಯವಾಗುವ ದಿನ ನೌಕರನು ಕಂಪನಿಯ ಹಾಜರಿಯಲ್ಲಿರಬೇಕು; ಮಾತ್ರವಲ್ಲ, ಆ ದಿನ ಅವನು ರಾಜೀನಾಮೆಯ ನೋಟೀಸು ಕೊಟ್ಟವನಾಗಿರಬಾರದು. ಆರು ವರ್ಷದ ಹಿಂದೆ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಏಳನೆಯ ಪುಟವನ್ನು ಯಾರು ಓದುತ್ತಾರೆ? ಹುಡುಗ ಸಂಬಳದ ಅಂಕಿಯಿದ್ದ ಎರಡನೆಯ ಪುಟವನ್ನು ನಾಲ್ಕು ಸಲ ಓದಿ ರುಜು ಹಾಕಿದ್ದನು. ಹಿಂದಿನ ವರ್ಷಗಳಲ್ಲಿ ಹಣ ಜುಲೈ ಕೊನೆಗೆ ತಾನಾಗಿ ಬರುತ್ತಿದ್ದುದರಿಂದ ಷರತ್ತು ಅವನ ಕಣ್ಣಿಗೆ ಬೀಳುವ ಸಂದರ್ಭವೇ ಒದಗಿರಲಿಲ್ಲ. ಈ ವರ್ಷ ಸಂದಾಯದ ದಿನ ಜುಲೈ 31. ಅವನ ಕೊನೆಯ ದಿನ ಜುಲೈ 12.

“ಹತ್ತೊಂಬತ್ತು ದಿನ,” ಎಂದರು ಗುಮಾಸ್ತರು. ಹಾಜರಿ ಬರೆದ ಕೈ. ಎಣಿಸಲು ಅವರಿಗೆ ಬೆರಳು ಬೇಕಾಗುವುದಿಲ್ಲ. “ಹತ್ತೊಂಬತ್ತು ದಿನ ತಡೆದಿದ್ದರೆ...”

“ಹತ್ತೊಂಬತ್ತಲ್ಲ ಮಾವ. ನೋಟೀಸೂ ಕೊಟ್ಟಿರಬಾರದು ಅಂತ ಇದೆಯಲ್ಲ. ಆಗಸ್ಟ್ ಒಂದಕ್ಕೆ ರಾಜೀನಾಮೆ ಕೊಟ್ಟು, ಸೆಪ್ಟೆಂಬರ್ ಕೊನೆಗೆ ಬರಬೇಕಾಗಿತ್ತು. ಅಷ್ಟು ದಿನ ಅಪ್ಪನನ್ನು ಎತ್ತುವವರು ಯಾರು?”

ಗುಮಾಸ್ತರು ಮಾತನಾಡಲಿಲ್ಲ. ಎತ್ತಲು ಹೋಗಿ ತಮ್ಮ ಸೊಂಟವನ್ನೇ ಉಳುಕಿಸಿಕೊಂಡಿದ್ದುದು ಅವರಿಗೆ ನೆನಪಿತ್ತು.

ಮೊತ್ತ 1,84,000 ರೂಪಾಯಿ. ಏಪ್ರಿಲ್ 22ರಂದೇ ಕಂಪನಿ ಅವನಿಗೆ ಪತ್ರ ಕಳಿಸಿ, ಕಳೆದ ವರ್ಷದ ಅವನ ಕೆಲಸವನ್ನು ಹೊಗಳಿ, ಇಷ್ಟು ಹಣ ನಿಗದಿಯಾಗಿದೆಯೆಂದು ತಿಳಿಸಿತ್ತು. ಬಳೆಗಳನ್ನು ಅಡವಿಡುವಾಗ ತಾಯಿಗೆ ಅವನು ಹೇಳಿದ ಧೈರ್ಯವೂ ಅದೇ: “ಜುಲೈಗೆ ಬಿಡಿಸಿಕೊಡ್ತೀನಮ್ಮ.”

ದುಡಿದದ್ದಕ್ಕೆ ಕೊಡುವ ಹಣ, ಬಿಟ್ಟುಹೋಗದೆ ಇದ್ದದ್ದಕ್ಕೆ ಕೊಡುವ ಹಣ, ಇವೆರಡೂ ಒಂದೇ ಹೆಸರಿನಲ್ಲಿ ಓಡಾಡುವುದು ಈ ದೇಶಕ್ಕೆ ಹೊಸದಲ್ಲ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಹಬ್ಬಿ ಕೂಲಿಕಾರರು ಊರು ಬಿಡತೊಡಗಿದಾಗ ಗಿರಣಿಯ ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಇಲಿ ಬಿದ್ದ ಊರಿನಲ್ಲಿ ಮಗ್ಗದ ಮುಂದೆ ನಿಂತದ್ದಕ್ಕೆ ಕೂಲಿಯ ಮೇಲೆ ಕೂಲಿ. ಪ್ಲೇಗು ಇಳಿಯಿತು; ಬೋನಸ್ಸನ್ನೂ ಇಳಿಸಿದರು. ಅಷ್ಟರಲ್ಲಿ ಯುದ್ಧದ ಕಾಲದ ಬೆಲೆಗಳು ಏರಿದ್ದವು, ಆ ಹಣ ದಿನದ ಅನ್ನದಲ್ಲಿ ಸೇರಿಹೋಗಿತ್ತು. 1918ರ ಆ ಮುಷ್ಕರದಲ್ಲಿ ಕೆಲಸಗಾರರ ಕಡೆ ಅನಸೂಯಾ ಸಾರಾಭಾಯಿ, ಮಾಲೀಕರ ಕಡೆ ಅವರ ಸ್ವಂತ ತಮ್ಮ ಅಂಬಾಲಾಲ್. ಗಾಂಧೀಜಿ ಉಪವಾಸ ಕುಳಿತ ಮೂರು ದಿನಕ್ಕೆ ರಾಜಿಯಾಯಿತು. ನೂರಕ್ಕೆ 35ರಷ್ಟು ಕೂಲಿಯೇರಿಕೆ ಕೊನೆಗೆ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಕಥೆಯನ್ನು ಗಾಂಧೀಜಿಯ ಉಪವಾಸಕ್ಕಾಗಿ ಎಲ್ಲರೂ ನೆನೆಯುತ್ತಾರೆ. ಅದರ ಬುಡದಲ್ಲಿದ್ದದ್ದು ಒಂದು ಬೋನಸ್ಸು ಎಂಬುದು ಮರೆತುಹೋಗಿದೆ.

ಮುಂಬಯಿಯ ಗಿರಣಿಗಳವರು ಯುದ್ಧಾನಂತರದ ಲಾಭದ ದಿನಗಳಲ್ಲಿ ವರ್ಷ ವರ್ಷವೂ ಬೋನಸ್ಸು ಕೊಟ್ಟು, 1923ನೆಯ ವರ್ಷಕ್ಕೆ ಇಲ್ಲವೆಂದರು. 1924ರ ಆದಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ನಾರ್ಮನ್ ಮೆಕ್ಲಿಯಡ್ ಅವರ ಸಮಿತಿ ವಿಚಾರಣೆ ಮಾಡಿ, ರೂಢಿಯಿಂದಾಗಲಿ ಕಾನೂನಿನಿಂದಾಗಲಿ ನ್ಯಾಯದೃಷ್ಟಿಯಿಂದಾಗಲಿ ಕೆಲಸಗಾರರಿಗೆ ಅದರ ಮೇಲೆ ಹಕ್ಕಿಲ್ಲವೆಂದು ಹೇಳಿತು. ಎಂದರೆ ಅದು ಒಡೆಯನ ಕೃಪೆ. ಆ ಕೃಪೆ ಹಕ್ಕಾಗಿ ಮಾರ್ಪಡಲು ನಾಲ್ವತ್ತು ವರ್ಷ ಹಿಡಿಯಿತು. 1961ರಲ್ಲಿ ಮೆಹರ್ ಅವರ ಅಧ್ಯಕ್ಷತೆಯ ಆಯೋಗ, 1964ರಲ್ಲಿ ಅದರ ವರದಿ, 1965ರಲ್ಲಿ ಕಾಯಿದೆ. ಗುಮಾಸ್ತರ ಹಂಡೆಯ ಹಿಂದೆ ಇಷ್ಟೆಲ್ಲ ಇದೆ. ಸೋದರಳಿಯ ಮಾತ್ರ ಸಂಬಳ ಹೆಚ್ಚಿದ ಒಂದೇ ಕಾರಣದಿಂದ 1924ಕ್ಕೆ ಮರಳಿ ಹೋಗಿ ನಿಂತಿದ್ದನು.

ಸಂಜೆ ಇಬ್ಬರೂ ಪರಿಚಿತರಾದ ಹಿರಿಯ ವಕೀಲರೊಬ್ಬರ ಮನೆಗೆ ಹೋದರು. ವಕೀಲರು ಪತ್ರಗಳನ್ನು ಓದಿ ಎರಡೇ ಪ್ರಶ್ನೆ ಕೇಳಿದರು. ‘ಕೊಡುತ್ತೇವೆ’ ಎಂದು ಬರೆದಿದ್ದಾರೆಯೋ ‘ಕೊಡಬಹುದು’ ಎಂದೋ? ಯಾವ ದಿನದವರೆಗೆ ಇರಬೇಕು? ನೇಮಕಾತಿ ಪತ್ರದಲ್ಲಿದ್ದುದು ‘ಕೊಡಬಹುದು’. ವ್ಯವಸ್ಥಾಪಕರ ವಿವೇಚನೆಗೆ ಒಳಪಟ್ಟು. ಏಪ್ರಿಲ್ ಪತ್ರದಲ್ಲಿದ್ದುದು ‘ನಿಗದಿಯಾಗಿದೆ’. ಈ ಎರಡು ಕ್ರಿಯಾಪದಗಳ ನಡುವೆ ಒಂದು ದಾವೆ ಹೂಡುವಷ್ಟು ಜಾಗವಿದೆ ಎಂದರು ವಕೀಲರು. ಮೂರು ವರ್ಷದೊಳಗೆ ಹೂಡಬೇಕು, ಮುಗಿಯಲು ಎಷ್ಟು ವರ್ಷವೋ. ಇಷ್ಟು ಹೇಳಿ, ಕಾಫಿ ಬರುವವರೆಗೆ, ತಾವು ಕಾನೂನು ಓದಿದ ಕಾಲದಲ್ಲಿ ಕಲಿತ ಒಬ್ಬ ನಾವಿಕನ ಕಥೆಯನ್ನು ಹೇಳಿದರು.

ಆ ನಾವಿಕನ ಹೆಸರು ಕಟರ್. 1793ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಿಂದ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೊರಟಿದ್ದ ‘ಗವರ್ನರ್ ಪ್ಯಾರಿ’ ಎಂಬ ಹಡಗಿನಲ್ಲಿ ಎರಡನೆಯ ಮೇಟ್ ಆಗಿ ಸೇರಿದನು. ಲಿವರ್‌ಪೂಲ್ ಮುಟ್ಟುವವರೆಗೆ ಕೆಲಸ ಮಾಡಿದರೆ 30 ಗಿನಿ ಕೊಡುವುದಾಗಿ ಕಪ್ತಾನನು ಚೀಟಿ ಬರೆದುಕೊಟ್ಟನು. ಅಂಥ ಕೆಲಸಕ್ಕೆ ವಾಡಿಕೆಯ ಸಂಬಳ ತಿಂಗಳಿಗೆ 4 ಪೌಂಡು. ಎರಡು ತಿಂಗಳ ಪ್ರಯಾಣಕ್ಕೆ 30 ಗಿನಿ ಎಂದರೆ ನಾಲ್ಕು ಪಟ್ಟು. ಹಡಗು ಆಗಸ್ಟ್ 2ರಂದು ಹೊರಟಿತು. ಸೆಪ್ಟೆಂಬರ್ 20ರಂದು ನಡುಗಡಲಿನಲ್ಲಿ ಕಟರ್ ತೀರಿಕೊಂಡನು. ಅಕ್ಟೋಬರ್ 9ರಂದು ಹಡಗು ಲಿವರ್‌ಪೂಲ್ ಸೇರಿತು. ದುಡಿದಷ್ಟು ವಾರಗಳ ಸಂಬಳವನ್ನಾದರೂ ಕೊಡಿರೆಂದು ಅವನ ವಿಧವೆ ನ್ಯಾಯಾಲಯಕ್ಕೆ ಹೋದಳು. 1795ರಲ್ಲಿ ತೀರ್ಪಾಯಿತು: ಪ್ರಯಾಣ ಮುಗಿಸಿದರೆ ಮಾತ್ರ ಹಣ ಎಂದು ಒಪ್ಪಂದ, ಮುಗಿಸಲಿಲ್ಲ, ಆದ್ದರಿಂದ ಒಂದು ಪೆನ್ನಿಯೂ ಇಲ್ಲ. ನಾಲ್ಕು ಪಟ್ಟು ಹಣಕ್ಕೆ ಆಸೆಪಟ್ಟವನು ಸೊನ್ನೆಯ ಅಪಾಯವನ್ನೂ ಒಪ್ಪಿಕೊಂಡಂತೆಯೇ ಎಂದು ನ್ಯಾಯಾಧೀಶರು ಎಣಿಸಿದರು.

ತರುಣ ತಲೆ ತಗ್ಗಿಸಿ ಕೇಳುತ್ತಿದ್ದನು. ಗುಮಾಸ್ತರು ಬೇರೇನೋ ಲೆಕ್ಕ ಹಾಕುತ್ತಿದ್ದರು.

“ಸೆಪ್ಟೆಂಬರ್ ಇಪ್ಪತ್ತರಿಂದ ಅಕ್ಟೋಬರ್ ಒಂಬತ್ತು. ಅಲ್ಲಿಯೂ ಹತ್ತೊಂಬತ್ತೇ ದಿನ.”

ವಕೀಲರು ನಲವತ್ತೈದು ವರ್ಷದಿಂದ ಆ ಕಥೆಯನ್ನು ಹೇಳುತ್ತಿದ್ದರೂ ಆ ಎಣಿಕೆ ಮಾಡಿರಲಿಲ್ಲ.

“ಅಲ್ಲ ರಾಯರೇ, ಹಡಗು ದಡ ಮುಟ್ಟಿದ ದಿನವೇ ಹಣ ಕೊಡಬೇಕಿತ್ತೋ?” ಎಂದರು ಗುಮಾಸ್ತರು.

“ಇಲ್ಲ. ದಡ ಮುಟ್ಟಿದ ಹತ್ತು ದಿನಕ್ಕೆ ಎಂದು ಚೀಟಿಯಲ್ಲಿತ್ತು.”

“ಆ ಹತ್ತು ದಿನವೂ ಅವನು ಹಡಗಿನಲ್ಲೇ ಇರಬೇಕು ಅಂತ ಬರೆದಿತ್ತೋ?”

“ಇಲ್ಲ. ಕೆಲಸ ಲಿವರ್‌ಪೂಲಿನವರೆಗೆ ಮಾತ್ರ.”

“ಹಾಗಾದರೆ ಅಷ್ಟು ಕಟುಕ ಕಪ್ತಾನನಿಗೂ ಹೊಳೆಯದ್ದು ಇವರಿಗೆ ಹೊಳೆದಿದೆ. ನಮ್ಮ ಹುಡುಗ ಮಾರ್ಚ್ ಮೂವತ್ತೊಂದಕ್ಕೇ ಲಿವರ್‌ಪೂಲ್ ಸೇರಿದ್ದಾನೆ. ಪೆಟ್ಟಿಗೆಯ ಬೀಗ ತೆಗೆಯುವವರೆಗೆ ಹಡಗಿನಿಂದ ಇಳಿಯಬಾರದಿತ್ತು ಅನ್ನುತ್ತಾರಲ್ಲ!”

ವಕೀಲರು ಕಾಫಿಯ ಲೋಟವನ್ನು ಕೆಳಗಿಟ್ಟು ಈ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಬಳಿಕ, ವಕೀಲರಾದುದರಿಂದ, ಎದುರು ಪಕ್ಷದ ಮಾತನ್ನೂ ಹೇಳಿದರು. ಕಂಪನಿಯವರು ಬೋನಸ್ಸು ಕೊಡುವುದು ಹೋದ ವರ್ಷದ ಕೆಲಸಕ್ಕೆ ಮಾತ್ರವಲ್ಲ. ನುರಿತ ಮನುಷ್ಯ ಮುಂದೆಯೂ ಉಳಿಯಲೆಂದು. ಇದು ಬೇಡವೆನ್ನುವವನು ರುಜು ಹಾಕದೆ ಇರಬಹುದಾಗಿತ್ತು. ಈ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಮುಂದಿನ ವರ್ಷ ಉಳಿಯಲೆಂಬ ಆಸೆಗೆ ಒತ್ತೆಯಾಗಿ ಹಿಡಿದದ್ದು ಹಿಂದಿನ ವರ್ಷದ ದುಡಿಮೆಯನ್ನು. ಉಳಿಸಿಕೊಳ್ಳುವ ಹಣವೇ ಬೇರೆ, ಅದನ್ನು ಬೇರೆ ಹೆಸರಿನಲ್ಲಿ ಬೇರೆಯಾಗಿ ಕೊಡುವ ಕಂಪನಿಗಳೂ ಉಂಟು.

ನಡುದಾರಿಯಲ್ಲಿ ಕೆಲಸ ಬಿಟ್ಟವನ ಲೆಕ್ಕ ಕನ್ನಡನಾಡಿನಲ್ಲೂ ಹಿಂದೆ ಒಮ್ಮೆ ಬಲು ಸೂಕ್ಷ್ಮವಾಗಿ ಚರ್ಚೆಯಾಗಿದೆ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಆಸ್ತಿಯ ಹಂಚಿಕೆಗಾಗಿ ದೇಶವೆಲ್ಲ ಆ ಗ್ರಂಥವನ್ನು ಬಲ್ಲದು. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಕೂಲಿಯ ಪ್ರಕರಣವೂ ಒಂದಿದೆ. ಹೊರೆ ಹೊರಲು ಒಪ್ಪಿದವನು ಹೊರಡುವ ಹೊತ್ತಿಗೆ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲನ್ನು, ದಾರಿ ಹಿಡಿದ ಮೇಲೆ ಬಿಟ್ಟರೆ ಕಾಲುಪಾಲನ್ನು, ಅರ್ಧ ದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿಯನ್ನು ತೆರಬೇಕು. ಕಠಿಣವಾದ ಲೆಕ್ಕವೇ ಸರಿ. ಆದರೆ ಶ್ಲೋಕದ ಕೊನೆಯಲ್ಲಿ ಪುಟ್ಟದೊಂದು ಸೇರಿಕೆಯಿದೆ: ಬಿಡಿಸಿದ ಒಡೆಯನಿಗೂ ಇದೇ ದಂಡ. ಮನುಸ್ಮೃತಿಯು ಕಾಯಿಲೆ ಬಿದ್ದು ಕೆಲಸ ನಿಲ್ಲಿಸಿದವನು ಗುಣವಾದ ಮೇಲೆ ಬಂದು ಮುಗಿಸಿದರೆ, ಎಷ್ಟು ಕಾಲ ಕಳೆದಿದ್ದರೂ ಕೂಲಿ ಅವನದೇ ಎನ್ನುತ್ತದೆ. ಕಾಯಿಲೆ ಕೆಲಸಗಾರನದಾಗಿರಬೇಕು, ಅವನ ತಂದೆಯ ಕಾಲಿನ ವಿಚಾರ ಸ್ಮೃತಿಯಲ್ಲೂ ಇಲ್ಲ, ನೇಮಕಾತಿ ಪತ್ರದಲ್ಲೂ ಇಲ್ಲ. ಮತ್ತು ಹೊರೆಯನ್ನು ಊರು ಮುಟ್ಟಿಸಿ ಇಳಿಸಿದವನಿಗೆ ಕೂಲಿ ಇಲ್ಲವೆಂಬ ಪ್ರಶ್ನೆಯನ್ನು ಆ ಋಷಿಗಳಲ್ಲಿ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ.

ರಾತ್ರಿ ಊಟವಾದ ಮೇಲೆ ಗುಮಾಸ್ತರು ಜಗಲಿಯಲ್ಲಿ ಕುಳಿತು ಒಂದು ಹಳೆಯ ಸಂಗತಿಯನ್ನು ಹೇಳಿದರು. ಹೆಂಡತಿಗೂ ಅದನ್ನು ಹೇಳಿರಲಿಲ್ಲವಂತೆ.

ಗಿರಣಿಯಲ್ಲಿ ಖಾಯಂ ಕೆಲಸಗಾರರಲ್ಲದೆ ಬದಲಿಯವರೂ ಇದ್ದರು. ಪಾಳಿ ಶುರುವಾಗುವ ಮೊದಲು ಅವರು ಬಾಗಿಲ ಬಳಿ ನಿಲ್ಲುವರು. ಯಾರಾದರೂ ಗೈರುಹಾಜರಾದರೆ ಒಳಗೆ ಕರೆಯುವುದು, ಇಲ್ಲವಾದರೆ ವಾಪಸು. ಒಂದು ವರ್ಷ ಹಾಗೆ ನಿಂತವನೊಬ್ಬ ಹಬ್ಬದ ಮುಂದೆ ಕಿಟಕಿಗೆ ಬಂದನು. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 29 ದಿನಗಳಿದ್ದವು. ಬಾಗಿಲಲ್ಲಿ ನಿಂತು ಮರಳಿದ ದಿನಗಳು ಎಷ್ಟೋ. ಅವಕ್ಕೆ ಪುಸ್ತಕದಲ್ಲಿ ಅಂಕಣವಿರಲಿಲ್ಲ. “ಸ್ವಾಮೀ, ಒಂದು ದಿನ,” ಎಂದನು. ಅವನಿಗೆ ಸಲ್ಲಬೇಕಾಗಿದ್ದ ಹಣವೂ ಅಲ್ಪ. ಒಂದು ಗೀಟು ಎಳೆದಿದ್ದರೆ ಮೂವತ್ತಾಗುತ್ತಿತ್ತು.

“ಎಳೆದಿರಾ ಮಾವ?”

“ಎಳೀಲಿಲ್ಲ. ಎಳೆದಿದ್ದರೆ ಸುಳ್ಳು ಲೆಕ್ಕ ಆಗುತ್ತಿತ್ತು. ಎಲ್ಲಾದರೂ ಗೀಟು ಹಾಕಲೇಬೇಕಲ್ಲ, ಮೂವತ್ತಕ್ಕೋ ಇಪ್ಪತ್ತಕ್ಕೋ. ಅದು ತಪ್ಪಲ್ಲ. ಆದರೆ ಅವನು ಕೇಳಿದಾಗ ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ ನೋಡು. ಮುಖ ನೋಡಿ ಇಲ್ಲ ಅನ್ನಬಹುದಾಗಿತ್ತು.”

ಸ್ವಲ್ಪ ಹೊತ್ತು ಬಿಟ್ಟು, “ನಿನಗೆ ಸೊನ್ನೆ ಹಾಕಿದವರು ಮುಖ ನೋಡಿ ಹೇಳಿದರೋ?” ಎಂದು ಕೇಳಿದರು.

“ಯಂತ್ರ ಹೇಳಿತು ಮಾವ. ಹಾಳೆ ತಾನಾಗಿ ಬಂತು.”

ಮರುದಿನ ಗುಮಾಸ್ತರೇ ಪತ್ರದ ಒಕ್ಕಣೆ ಹೇಳಿದರು. ದಯೆ, ಸಹಾನುಭೂತಿ, ಕಷ್ಟ ಎಂಬ ಶಬ್ದಗಳು ಅದರಲ್ಲಿ ಇರಕೂಡದೆಂದು ಅವರ ಹಟ. ತಂದೆಯ ಕಾಲಿನ ಸುದ್ದಿಯನ್ನೂ ಹಾಕಗೊಡಲಿಲ್ಲ. ಏಪ್ರಿಲ್ 22ರ ಪತ್ರದಲ್ಲಿ ನಿಗದಿಯಾದ ಹಣ ಯಾವ ದಿನಗಳ ಕೆಲಸಕ್ಕೆ ಸಂಬಂಧಿಸಿದ್ದು, ಆ ದಿನಗಳಲ್ಲಿ ತಾನು ಯಾವ ದಿನ ಕೆಲಸ ಮಾಡಲಿಲ್ಲ, ಎಂಬೆರಡು ಪ್ರಶ್ನೆಗಳು ಮಾತ್ರ. ತರುಣ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿನಲ್ಲಿ ಕಳಿಸಿದನು. ಗುಮಾಸ್ತರ ಸಮಾಧಾನಕ್ಕೆ ಒಂದು ಪ್ರತಿ ಅಂದಿನ್ನೂ ಇದ್ದ ರಿಜಿಸ್ಟರ್ಡ್ ಅಂಚೆಯಲ್ಲಿಯೂ ಹೋಯಿತು.

ಆರು ವಾರ ಉತ್ತರವಿಲ್ಲ. ಅಷ್ಟರಲ್ಲಿ ತಂದೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದರು. ಮಗನಿಗೆ ಊರಿನಲ್ಲೇ, ಹಿಂದಿನದರ ಅರ್ಧಕ್ಕೂ ಕಡಿಮೆ ಸಂಬಳದ ಕೆಲಸವೊಂದು ಸಿಕ್ಕಿತು. ಸೆಪ್ಟೆಂಬರಿನಲ್ಲಿ ಕಂಪನಿಯ ಪತ್ರ ಬಂತು. ನಿಯಮದ ಪ್ರಕಾರ ಅವನಿಗೆ ಏನೂ ಸಲ್ಲುವುದಿಲ್ಲ. ಆದರೂ ಅವನ ದೀರ್ಘ ಸೇವೆಯನ್ನು ನೆನೆದು, ಹಕ್ಕಿನ ಮಾತಿಲ್ಲದೆ, ಕೇವಲ ಕೃಪಾಪೂರ್ವಕವಾಗಿ 60,000 ರೂಪಾಯಿ ಕೊಡಲಾಗುವುದು. ಪ್ರತಿಯಾಗಿ, ಇನ್ನೇನೂ ಬರಬೇಕಾಗಿಲ್ಲವೆಂದು ರುಜು ಹಾಕಿ ಕಳಿಸಬೇಕು. ನೂರು ವರ್ಷದ ಹಿಂದಿನ ಮೆಕ್ಲಿಯಡ್ ಸಮಿತಿಯ ಮಾತೇ ಹೊಸ ಕಾಗದದ ಮೇಲೆ ಅಚ್ಚಾಗಿ ಬಂದಂತಿತ್ತು.

ವಕೀಲರು ರುಜು ಹಾಕಬೇಡವೆಂದರು. ಕೃಪೆಯೆಂದು ಒಪ್ಪಿಕೊಂಡರೆ ಮಿಕ್ಕ 1,24,000ಕ್ಕೆ ಬಾಗಿಲು ಮುಚ್ಚಿದಂತೆ. ತಾಯಿ ಏನೂ ಅನ್ನಲಿಲ್ಲ. ಬ್ಯಾಂಕಿನ ಬಡ್ಡಿಯ ಚೀಟಿ ದೇವರ ಗೂಡಿನಲ್ಲಿತ್ತು. ಎರಡು ದಿನ ತರುಣ ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದನು. ಮೂರನೆಯ ದಿನ ಮಾವನ ಜಗಲಿಗೆ ಬಂದು, ಹಾಕುತ್ತೇನೆಂದನು.

ಗುಮಾಸ್ತರು ಬೇಡವೆನ್ನಲಿಲ್ಲ. ಲೇಖನಿಯನ್ನು ಅವನ ಕೈಗೆ ಕೊಟ್ಟು, ರುಜುವಿನ ಜಾಗದ ಮೇಲೆ ಬೆರಳಿಟ್ಟು, “ಇಲ್ಲಿ ಮೊದಲು ಒಂದು ಸಾಲು ಬರಿ,” ಎಂದರು. ಬಿಟ್ಟುಹೋದವರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂವತ್ತೊಂದು ವರ್ಷ ಅವರು ಬರೆಯುತ್ತ ಬಂದಿದ್ದ ಒಕ್ಕಣೆಯನ್ನೇ ಹೇಳಿದರು. ತರುಣ ಕನ್ನಡದಲ್ಲಿಯೇ ಬರೆದನು: “2023–24ನೆಯ ಸಾಲಿನ ಕೆಲಸದ ಬಾಬ್ತು ಪಡೆದಿದ್ದೇನೆ.” ಅದರ ಕೆಳಗೆ ರುಜು ಹಾಕಿದನು.

ಕಂಪನಿಯಲ್ಲಿ ಆ ಸಾಲನ್ನು ಯಾರು ಓದಿದರೋ, ಓದಿದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ತಿಳಿಯದು. ಐದನೆಯ ದಿನ ಹಣ ಬಂತು. ನಾಲ್ಕು ಬಳೆಗಳಲ್ಲಿ ಎರಡು ದೀಪಾವಳಿಗೆ ಮೊದಲು ಮನೆಗೆ ಬಂದವು.